ಕಾಲೇಜು ಮ್ಯೂಸಿಯಂನ ಕಲ್ಲಾದ ಮರ ಬಿರುಕು ಬಿಡುತ್ತಿದೆ, ಕೊಯ್ಯದೆ ಒಳಗೆ ನೋಡುವುದು ಹೇಗೆ?

ಮಲೆನಾಡ ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ಮಲೆನಾಡಿನ ಒಂದು ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತೇನೆ. ಒಂದು ಕೋಣೆ, ನಾಲ್ಕು ಗಾಜಿನ ಬೀರು, ಇದೇ ನಮ್ಮ ಮ್ಯೂಸಿಯಂ. ಅದರಲ್ಲಿರುವ ಎರಡು ಪಳೆಯುಳಿಕೆ ಮರಗಳ ಬಗ್ಗೆ ಕೇಳಬೇಕಿತ್ತು.

ಮೊದಲನೆಯದು ತಿರುವಕ್ಕರೈಯಿಂದ ಬಂದ ಕಲ್ಲಾದ ಕಾಂಡ. ತಮಿಳುನಾಡಿನ ವಿಲ್ಲುಪುರಂ ಕಡೆಯ ಊರು ಅದು. ಈಗ ಅಲ್ಲಿ ಜಿಯಾಲಾಜಿಕಲ್ ಸರ್ವೆಯವರ ಪಳೆಯುಳಿಕೆ ಮರಗಳ ಪಾರ್ಕ್ ಇದೆ, ಒಂದು ಚೂರೂ ಎತ್ತಿಕೊಂಡು ಬರುವ ಹಾಗಿಲ್ಲ. ನಮ್ಮದು ಬಹಳ ಹಿಂದೆ ಯಾರೋ ಕಾಲೇಜಿಗೆ ಕೊಟ್ಟಿದ್ದು, ರಿಜಿಸ್ಟರ್‌ನಲ್ಲಿ ಒಂದೇ ಒಂದು ಸಾಲು ಇದೆ. ಸುಮಾರು 15 ಸೆಂಟಿಮೀಟರ್ ದಪ್ಪ, ಒಂದಡಿ ಎತ್ತರ, ತೂಕ 13 ಕೆಜಿ. ಎರಡು ವರ್ಷದ ಹಿಂದೆ ನಡುಮಧ್ಯದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತ್ತು. ಈಗ ಅದರೊಳಗೆ ಉಗುರು ಹೋಗುತ್ತದೆ. ಬಿರುಕಿನ ಅಂಚಿನಲ್ಲಿ ಕಂದು ಕಲೆ ಬೇರೆ ಇಳಿದಿದೆ.

ಎರಡನೆಯದು ತಮಿಳುನಾಡಿನ ನೈವೇಲಿಯ ಲಿಗ್ನೈಟ್ ಮರ, ಅಂದರೆ ಅರ್ಧ ಕಲ್ಲಿದ್ದಲಾದ ಮರ, ಅಂಗೈ ಅಗಲ, ಇದ್ದಿಲಿನಂತೆ ಕಪ್ಪು, ನಡುನಡುವೆ ಚಿನ್ನದ ಬಣ್ಣದ ಮಿನುಗು. ಈ ಮಳೆಗಾಲ ಮುಗಿಯುವ ಹೊತ್ತಿಗೆ ಅದರ ಮೇಲೆ ಬಿಳಿ-ಹಳದಿ ಪುಡಿ ಬಂದಿದೆ. ಡಬ್ಬಿ ತೆರೆದರೆ ಮೂಗಿಗೆ ಚುರ್ ಅನ್ನುವ ವಾಸನೆ. ಕೆಳಗಿಟ್ಟಿದ್ದ ಚೀಟಿ ಕಂದಾಗಿ, ಮುಟ್ಟಿದರೆ ಉದುರುತ್ತಿದೆ.

ಒಬ್ಬರು ಕಾಂಡವನ್ನು ಕೊಯ್ದು ಥಿನ್ ಸೆಕ್ಷನ್ (ಸೂಕ್ಷ್ಮದರ್ಶಕದಲ್ಲಿ ನೋಡಲು ಬೆಳಕು ಹಾಯುವಷ್ಟು ತೆಳುವಾಗಿ ಉಜ್ಜಿದ ಸೀಳು) ಮಾಡಿಸಿ, ಯಾವ ಮರ ಅಂತಲೂ ಗೊತ್ತಾಗುತ್ತದೆ ಅನ್ನುತ್ತಾರೆ. ಇನ್ನೊಬ್ಬರು ಬಿರುಕಿಗೆ ಸೂಪರ್ ಗ್ಲೂ ಸುರಿಯಿರಿ ಅನ್ನುತ್ತಾರೆ. ನನ್ನ ಹಳೇ ವಿದ್ಯಾರ್ಥಿನಿ ಒಬ್ಬಳು ಆಸ್ಪತ್ರೆಯಲ್ಲಿ ಸಿಟಿ ಸ್ಕ್ಯಾನ್ ವಿಭಾಗದಲ್ಲಿದ್ದಾಳೆ, ಅನುಮತಿ ಕೇಳಿ ನೋಡೋಣ ಸರ್ ಅಂದಳು. ಕೊಯ್ಯಲು ನನಗೆ ಮನಸ್ಸಿಲ್ಲ. ಸ್ಕ್ಯಾನ್ ಮಾಡಿದರೆ ನಿಜವಾಗಿ ಏನಾದರೂ ಕಾಣುತ್ತದಾ?

ಕಪಾಟಿನ ಕಾವಲು:

ಸರ್, ಎರಡನ್ನೂ ಬೇರೆ ಬೇರೆಯಾಗಿ ನೋಡಿ. ನಿಮ್ಮ ಪ್ರಶ್ನೆ ಕಾಂಡದ ಬಗ್ಗೆ ಇದೆ, ಆದರೆ ಅವಸರ ಇರುವುದು ಲಿಗ್ನೈಟಿಗೆ. ಕಾಂಡ ಇನ್ನೆರಡು ತಿಂಗಳು ಕಾಯುತ್ತದೆ. ಲಿಗ್ನೈಟ್ ಕಾಯುವುದಿಲ್ಲ.

ಆ ಚಿನ್ನದ ಮಿನುಗು ಪೈರೈಟ್, ಅಂದರೆ ಕಬ್ಬಿಣ ಮತ್ತು ಗಂಧಕ. ಗಾಳಿಯ ತೇವಾಂಶ 60 ಪರ್ಸೆಂಟ್ ದಾಟಿದರೆ ಅದು ಕೊಳೆಯಲು ಶುರುವಾಗುತ್ತದೆ, ಮಲೆನಾಡಿನ ಮಳೆಗಾಲದಲ್ಲಿ ದಾಟದೆ ಇರುತ್ತದಾ? ನೀರು, ಆಮ್ಲಜನಕ, ಪೈರೈಟ್ ಮೂರೂ ಸೇರಿ ಕಬ್ಬಿಣದ ಸಲ್ಫೇಟ್ ಪುಡಿಯೂ ಗಂಧಕಾಮ್ಲವೂ ಆಗುತ್ತವೆ. ಪುಡಿ ಮೂಲ ಪೈರೈಟಿಗಿಂತ ಜಾಸ್ತಿ ಜಾಗ ಬೇಡುತ್ತದೆ, ಹಾಗಾಗಿ ಮರವನ್ನು ಒಳಗಿನಿಂದ ಸೀಳುತ್ತದೆ. ಆಮ್ಲ ಚೀಟಿಯನ್ನು ತಿನ್ನುತ್ತದೆ. ನನಗೆ ಅತಿ ಹೆಚ್ಚು ಸಂಕಟ ಆಗುವುದು ಚೀಟಿಯ ವಿಷಯಕ್ಕೇ. ಎಲ್ಲಿಂದ ಬಂತು, ಯಾವಾಗ ಬಂತು ಅನ್ನುವುದು ಹೋದರೆ ಉಳಿಯುವುದು ಒಂದು ಕಪ್ಪು ತುಂಡು ಅಷ್ಟೇ. ಇವತ್ತೇ ಅದರ ಫೋಟೋ ತೆಗೆದು, ಬರೆದದ್ದನ್ನು ಅಕ್ಷರ ಬಿಡದೆ ರಿಜಿಸ್ಟರಿಗೆ ಇಳಿಸಿ. ಚೀಟಿಯ ಚೂರುಗಳನ್ನು ಬೇರೆ ಪ್ಲಾಸ್ಟಿಕ್ ಕವರಿನಲ್ಲಿ ಇಡಿ, ಎಸೆಯಬೇಡಿ.

ಆಮೇಲೆ ಆ ಮರವನ್ನು ಉಳಿದವುಗಳಿಂದ ದೂರ ಇಡಿ. ನೀರಿನಲ್ಲಿ ತೊಳೆಯಬೇಡಿ, ಅಡುಗೆ ಸೋಡಾ ಕದಡಿದ ನೀರೂ ಬೇಡ. ಒರೆಸುವ ಮೊದಲು ಪುಡಿ ಎಲ್ಲೆಲ್ಲಿದೆ ಅಂತ ಫೋಟೋ ತೆಗೆಯಿರಿ, ಪಕ್ಕದಲ್ಲಿ ಸ್ಕೇಲ್ ಇರಲಿ. ನೂರನೇ ಒಂದು ಗ್ರಾಂ ತೋರಿಸುವ ತಕ್ಕಡಿ ನಿಮ್ಮ ಕೆಮಿಸ್ಟ್ರಿ ವಿಭಾಗದಲ್ಲಿ ಇದ್ದೇ ಇರುತ್ತದೆ, ತೂಕವನ್ನೂ ಬರೆದಿಡಿ.

ಇಲ್ಲಿ ಒಂದು ಇಕ್ಕಟ್ಟು ಇದೆ. ಪೈರೈಟಿಗೆ ಎಷ್ಟು ಒಣಗಿದರೆ ಅಷ್ಟು ಒಳ್ಳೆಯದು, ಲಿಗ್ನೈಟ್ ಮಾತ್ರ ತುಂಬಾ ಒಣಗಿದರೆ ಕುಗ್ಗಿ ಎಳೆ ಎಳೆಯಾಗಿ ಬಿರಿಯುತ್ತದೆ. ಅದಕ್ಕೆ ಸಿಲಿಕಾ ಜೆಲ್ ರಾಶಿ ಹಾಕಿ ಒಣಗಿಸಿಬಿಡಬೇಡಿ. ಗಾಳಿಯಾಡದ ಡಬ್ಬಿಯಲ್ಲಿ 45ರಿಂದ 50 ಪರ್ಸೆಂಟ್ ಒಳಗೆ ಏರಿಳಿತ ಇಲ್ಲದೆ ನಿಲ್ಲಿಸಿ, ಒಳಗೊಂದು ಚಿಕ್ಕ ತೇವಾಂಶ ಮಾಪಕ ಇಡಿ. ಇನ್ನೂ ಒಳ್ಳೆಯದೆಂದರೆ ಗಾಳಿ ನುಸುಳದ ಹಾಳೆಯ ಚೀಲದಲ್ಲಿ ಆಮ್ಲಜನಕ ಹೀರುವ ಪೊಟ್ಟಣದ ಜೊತೆ ಸೀಲ್ ಮಾಡುವುದು.

ಕಾಂಡಕ್ಕೆ ಸೂಪರ್ ಗ್ಲೂ ಬೇಡವೇ ಬೇಡ. ಅದನ್ನು ಮತ್ತೆ ಬಿಡಿಸುವುದು ಬಲು ಕಷ್ಟ. 365 ನ್ಯಾನೋಮೀಟರಿನ ಅತಿನೇರಳೆ ಟಾರ್ಚ್ ಸಿಗುತ್ತದೆ, ದುಬಾರಿಯೇನಲ್ಲ. ರಾತ್ರಿ ದೀಪ ಆರಿಸಿ ಕಾಂಡದ ಸುತ್ತ ಹಾಯಿಸಿ ನೋಡಿ, ಬೆಳಕು ನೇರ ಕಣ್ಣಿಗೆ ಬೀಳದ ಹಾಗೆ ಕನ್ನಡಕ ಇರಲಿ. ಅರಗಿನ ಪಾಲಿಶ್ ಇದ್ದರೆ ಕಿತ್ತಳೆ ಬಣ್ಣ ಹೊಳೆಯುತ್ತದೆ, ಎಷ್ಟೋ ಬಗೆಯ ಅಂಟುಗಳು ನೀಲಿ-ಬಿಳಿಯಾಗಿ ಹೊಳೆಯುತ್ತವೆ. ಹಿಂದೆ ಯಾರಾದರೂ ರಿಪೇರಿ ಮಾಡಿದ್ದಾರಾ ಅಂತ ಮೊದಲು ತಿಳಿಯಬೇಕು.

ವೋಕ್ಸೆಲ್:

ನಾನು ಮೈಕ್ರೋ ಸಿಟಿ (ಚಿಕ್ಕ ವಸ್ತುಗಳ ಒಳಗನ್ನು ತುಂಬಾ ಸೂಕ್ಷ್ಮವಾಗಿ ತೋರಿಸುವ ಸಿಟಿ ಸ್ಕ್ಯಾನ್) ಲ್ಯಾಬಿನಲ್ಲಿ ಕೆಲಸ ಮಾಡುವವನು. ಮೇಷ್ಟ್ರೇ, ಏನು ತಿಳಿಯಬೇಕು ಅಂತ ಮೊದಲು ತೀರ್ಮಾನ ಮಾಡಿ, ಯಂತ್ರ ಆಮೇಲೆ. ಬಿರುಕು ಎಷ್ಟು ಆಳ ಹೋಗಿದೆ, ಒಳಗೆ ಟೊಳ್ಳು ಇದೆಯಾ ಅನ್ನುವುದಾದರೆ ಆಸ್ಪತ್ರೆಯ ಸಿಟಿ ಸಾಕು. ಯಾವ ಜಾತಿಯ ಮರ ಅನ್ನುವುದಾದರೆ ಆ ಸಿಟಿಯಿಂದ ಆಗುವುದಿಲ್ಲ. ಅದರಲ್ಲಿ ಒಂದು ಚುಕ್ಕಿ ಅಂದರೆ ಸುಮಾರು ಅರ್ಧ ಮಿಲಿಮೀಟರ್. ಪೈನ್‌ನಂಥ ಶಂಕುಮರಗಳ ಜೀವಕೋಶದ ಅಗಲವೋ ಕೆಲವು ಹತ್ತು ಮೈಕ್ರಾನ್, ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ.

ಹಾಗಾದರೆ ಮೈಕ್ರೋ ಸಿಟಿಗೆ ತರುತ್ತೇನೆ ಅನ್ನುತ್ತೀರಿ. ಅಲ್ಲೂ ಒಂದು ಲೆಕ್ಕ ಇದೆ. ನಮ್ಮ ಡಿಟೆಕ್ಟರಿನ ಅಗಲದಲ್ಲಿ ಸುಮಾರು 2000 ಚುಕ್ಕಿ ಇರುತ್ತದೆ. 10 ಸೆಂಟಿಮೀಟರ್ ತುಂಡು ಅದರೊಳಗೆ ಪೂರ್ತಿ ಬರಬೇಕೆಂದರೆ ಒಂದೊಂದು ಚುಕ್ಕಿಗೆ 50 ಮೈಕ್ರಾನ್ ಸಿಗುತ್ತದೆ. 2 ಸೆಂಟಿಮೀಟರ್ ತುಂಡಾದರೆ 10 ಮೈಕ್ರಾನ್. ಕೋಶ ನೋಡಬೇಕೆಂದರೆ ತುಂಡು ಚಿಕ್ಕದಿರಬೇಕು, ಚಿಕ್ಕದು ಬೇಕೆಂದರೆ ಮುರಿಯಬೇಕು! ದೊಡ್ಡ ತುಂಡಿನ ಒಂದು ಮೂಲೆಯನ್ನಷ್ಟೇ ಹತ್ತಿರದಿಂದ ಸ್ಕ್ಯಾನ್ ಮಾಡುವ ಉಪಾಯ ಇದೆ, ಚಿತ್ರದಲ್ಲಿ ಸ್ವಲ್ಪ ಗದ್ದಲ ಬರುತ್ತದೆ.

ದಪ್ಪದ್ದೂ ಒಂದು ತೊಂದರೆ. ಇಂಥ ಕಲ್ಲಾದ ಮರ ಅಂದರೆ ಸಿಲಿಕಾ, ಅದು ನಮ್ಮ ದೇಹಕ್ಕಿಂತ ಎರಡೂವರೆ ಪಟ್ಟಿಗಿಂತ ಹೆಚ್ಚು ಸಾಂದ್ರ. ನಿಮ್ಮ 15 ಸೆಂಟಿಮೀಟರನ್ನು ಆಸ್ಪತ್ರೆಯ ಎಕ್ಸ್‌ರೇ ತಿಣುಕಿ ದಾಟುತ್ತದೆ. 30 ಸೆಂಟಿಮೀಟರ್ ಕಾಂಡ ಆಗಿದ್ದರೆ ಹೋಗಲೇಬೇಡಿ ಅನ್ನುತ್ತಿದ್ದೆ. ಟ್ಯೂಬಿನ ವೋಲ್ಟೇಜ್ ಇರುವುದರಲ್ಲೇ ಜಾಸ್ತಿಗೆ ಇಡಲು ಹೇಳಿ, ಸಾಮಾನ್ಯವಾಗಿ 140 ಕಿಲೋವೋಲ್ಟ್ ಇರುತ್ತದೆ. ಇನ್ನೊಂದು ಮುಖ್ಯ ವಿಷಯ, ವಸ್ತು ಎಕ್ಸ್‌ರೇಯನ್ನು ಎಷ್ಟು ತಡೆಯುತ್ತದೆ ಅನ್ನುವ ಆಸ್ಪತ್ರೆಯ ಸಿಟಿಯ ಮಾಮೂಲಿ ಅಳತೆ 3071ಕ್ಕೆ ನಿಂತುಬಿಡುತ್ತದೆ. ಕಬ್ಬಿಣ, ಪೈರೈಟ್ ಎಲ್ಲ ಅದಕ್ಕಿಂತ ಮೇಲೆ, ಎಲ್ಲವೂ ಒಂದೇ ಬಿಳಿಯಾಗಿ ಕಾಣುತ್ತವೆ. ವಿಸ್ತರಿಸಿದ ಅಳತೆಯ ಆಯ್ಕೆ ಇದ್ದರೆ ಅದರಲ್ಲೂ ಒಂದು ಸಲ ಚಿತ್ರ ಕಟ್ಟಿಸಿ. ಫಿಲ್ಮ್ ಮಾತ್ರ ತಗೊಂಡು ಬರಬೇಡಿ, ಸ್ಕ್ಯಾನಿನ ಮೂಲ ಡಿಜಿಟಲ್ ಚಿತ್ರಗಳಿರುವ ಡೈಕಾಮ್ ಫೈಲ್ ಪೂರ್ತಿ ಕೇಳಿ. ತ್ರೀಡಿ ಸ್ಲೈಸರ್ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಮನೆಯಲ್ಲೇ ಕೂತು ಪದರ ಪದರವಾಗಿ ನೋಡಬಹುದು.

ಲಿಗ್ನೈಟಿಗೆ ಸಿಟಿಯೂ ಬೇಕಿಲ್ಲ. ಕೈ ಮುರಿದಾಗ ತೆಗೆಯುತ್ತಾರಲ್ವಾ, ಆ ಮಾಮೂಲಿ ಎಕ್ಸ್‌ರೇ ಸಾಕು. ಲಿಗ್ನೈಟಿನ ಸಾಂದ್ರತೆ 1.3ರ ಆಸುಪಾಸು, ಪೈರೈಟಿನದು 5. ಮಾಂಸದೊಳಗಿನ ಮೂಳೆಯ ಹಾಗೆ ಎದ್ದು ಕಾಣುತ್ತದೆ. ಮೇಲಿನಿಂದ ಒಂದು, ಪಕ್ಕದಿಂದ ಒಂದು ತೆಗೆಸಿ. ಯಾವ ಸೆಟ್ಟಿಂಗ್, ಎಷ್ಟು ದೂರ ಅಂತ ಬರೆದಿಟ್ಟುಕೊಂಡರೆ ಮುಂದಿನ ವರ್ಷ ಅದೇ ಸೆಟ್ಟಿಂಗಿನಲ್ಲಿ ತೆಗೆಸಿ ಹೋಲಿಸಬಹುದು.

ಎಕ್ಸ್‌ರೇ ಬದಲು ನ್ಯೂಟ್ರಾನ್ ಕಿರಣದಿಂದ ಚಿತ್ರ ತೆಗೆಯುವ ಬಗ್ಗೆಯೂ ಯಾರಾದರೂ ಕೇಳಬಹುದು, ಹೇಳಿಬಿಡುತ್ತೇನೆ. ನ್ಯೂಟ್ರಾನ್ ಕಿರಣ ಸಿಲಿಕಾದಲ್ಲಿ ಸಲೀಸಾಗಿ ಹಾದುಹೋಗುತ್ತದೆ, ಹೈಡ್ರೋಜನ್ ಕಂಡರೆ ನಿಲ್ಲುತ್ತದೆ. ಅಂಟಿನಲ್ಲಿ ಹೈಡ್ರೋಜನ್ ಇರುವುದರಿಂದ ಕಲ್ಲಿನೊಳಗಿನ ಹಳೇ ಅಂಟು ಚೆನ್ನಾಗಿ ಕಾಣುತ್ತದೆ. ಲಿಗ್ನೈಟಿನಲ್ಲಿ ಹೈಡ್ರೋಜನ್ ತುಂಬಿರುವುದರಿಂದ ದಪ್ಪ ತುಂಡಿಗೆ ಉಪಯೋಗ ಕಡಿಮೆ. ವಸ್ತು ಸ್ವಲ್ಪ ದಿನ ವಿಕಿರಣ ಸೂಸುವಂತಾಗಬಹುದು, ಅದು ಇಳಿಯುವ ತನಕ ಅಲ್ಲೇ ಬಿಟ್ಟು ಬರಬೇಕು. ನಮ್ಮ ದೇಶದಲ್ಲಿ ಮುಂಬೈನ ಟ್ರಾಂಬೆಯ ಧ್ರುವ ರಿಯಾಕ್ಟರಿನಲ್ಲಿ ನ್ಯೂಟ್ರಾನ್ ಚಿತ್ರಣ ಇದೆ, ಇಂದೋರಿನ ಇಂಡಸ್-2 ಸಿಂಕ್ರೊಟ್ರಾನಿನಲ್ಲಿ (ತುಂಬಾ ಪ್ರಖರ ಎಕ್ಸ್‌ರೇ ಕೊಡುವ ದೊಡ್ಡ ಯಂತ್ರ) ಎಕ್ಸ್‌ರೇ ಚಿತ್ರಣದ ಬೀಮ್‌ಲೈನ್ ಇದೆ. ನಿಮ್ಮ ಬಿರುಕಿಗೆ ಅಷ್ಟು ದೂರ ಹೋಗುವುದು ಬೇಡ.

ಕಲ್ಲುಮರ:

ಪಳೆಯುಳಿಕೆ ಮರಗಳ ಮೇಲೆಯೇ ಸಂಶೋಧನೆ ಮಾಡುತ್ತಿದ್ದೇನೆ, ಥಿನ್ ಸೆಕ್ಷನ್ ಪರವಾಗಿ ಒಂದು ಮಾತು ಹೇಳಬೇಕು. ಮರದ ಗುರುತು ಹಿಡಿಯಲು ಮೂರು ದಿಕ್ಕಿನ ಸೀಳು ಬೇಕು: ಅಡ್ಡ ಒಂದು, ನಡುವಿನಿಂದ ತೊಗಟೆ ಕಡೆಗೆ ಒಂದು, ಉಂಗುರಗಳಿಗೆ ತಾಗಿದಂತೆ ಇನ್ನೊಂದು. ಪ್ರತಿಯೊಂದನ್ನೂ ಸುಮಾರು 30 ಮೈಕ್ರಾನಿಗೆ ಉಜ್ಜಬೇಕು. 1831ರಲ್ಲಿ ಹೆನ್ರಿ ವಿಥಮ್ ಈ ಸೀಳುಗಳನ್ನು ಪ್ರಕಟಿಸಿದ ಕಾಲದಿಂದ ನಮ್ಮ ಇಡೀ ವಿಷಯ ನಿಂತಿರುವುದೇ ಇದರ ಮೇಲೆ. ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಗೆ ಹೋದರೆ ಇಂಥ ಸ್ಲೈಡುಗಳ ದೊಡ್ಡ ಸಂಗ್ರಹವೇ ಇದೆ. ಆ ಕೆಲಸದ ಬೆಲೆ ಯಾವ ಯಂತ್ರ ಬಂದರೂ ಇಳಿಯುವುದಿಲ್ಲ.

ಹಾಗಂತ ಮ್ಯೂಸಿಯಂನಲ್ಲಿರುವ ಒಂದೇ ಒಂದು ಕಾಂಡವನ್ನು ಕೊಯ್ಯಿರಿ ಅಂತ ನಾನು ಹೇಳುವುದಿಲ್ಲ. ಒಂದು ಸೀಳು ತೆಗೆಯಲು ಗರಗಸದ ಬಾಯಿಗೇ ಒಂದೆರಡು ಮಿಲಿಮೀಟರ್ ಹೋಗುತ್ತದೆ, ಅದು ಶಾಶ್ವತವಾಗಿ ಹೋದಂತೆ. ಕಾಂಡದಿಂದ ಉದುರಿದ ಚೂರು ಬೀರುವಿನ ತಳದಲ್ಲಿ ಇರಬಹುದು, ಹುಡುಕಿ ನೋಡಿ. ಮುರಿದ ಮುಖವನ್ನು ಮೇಲಿನಿಂದ ಬೆಳಕು ಬೀಳುವ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಷ್ಟೋ ಸಲ ನಾಳಗಳು ಕಾಣುತ್ತವೆ. ಚಿಕ್ಕ ನುಣುಪಾದ ತುಂಡುಗಳಿದ್ದರೆ ಆಫೀಸಿನ ಹಳೇ ಫ್ಲಾಟ್‌ಬೆಡ್ ಸ್ಕ್ಯಾನರ್ ಮೇಲೆ ಮೆಲ್ಲಗೆ ಇಟ್ಟು 1200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಒಂದು ಚುಕ್ಕಿಗೆ ಸುಮಾರು 21 ಮೈಕ್ರಾನ್ ಬರುತ್ತದೆ. ಮುಖದ ಮಟ್ಟಿಗೆ ಹೇಳುವುದಾದರೆ ಆಸ್ಪತ್ರೆಯ ಸಿಟಿಗಿಂತ ಎಷ್ಟೋ ಸೂಕ್ಷ್ಮ! 13 ಕೆಜಿ ಕಾಂಡವನ್ನು ಮಾತ್ರ ಗಾಜಿನ ಮೇಲೆ ಇಡಬೇಡಿ.

ಸಿಟಿಯಿಂದ ತುಂಬ ನಿರೀಕ್ಷೆ ಬೇಡ ಅನ್ನುವುದಕ್ಕೆ ನನ್ನದೇ ಅನುಭವ ಇದೆ. ಮೂರು ವರ್ಷದ ಹಿಂದೆ ಒಂದು ಸಿಲಿಕಾ ಮರವನ್ನು ಮೈಕ್ರೋ ಸಿಟಿಗೆ ಕೊಟ್ಟು, ರಾತ್ರಿಯೆಲ್ಲ ಸ್ಕ್ಯಾನ್ ಆಗಿ, ಬೆಳಗ್ಗೆ ನೋಡಿದರೆ ಬರೀ ಬೂದು. ಸೂಕ್ಷ್ಮದರ್ಶಕದಲ್ಲಿ ಕೋಶಗಳು ಕನ್ನಡಿಯಷ್ಟು ಸ್ಪಷ್ಟ ಇದ್ದ ಮರ ಅದು. ಕಾರಣ ಸರಳ. ಕೋಶದ ಗೋಡೆ ಇದ್ದ ಜಾಗದಲ್ಲೂ ಸಿಲಿಕಾ, ಟೊಳ್ಳಿದ್ದ ಜಾಗದಲ್ಲೂ ಸಿಲಿಕಾ, ಎಕ್ಸ್‌ರೇಗೆ ಎರಡೂ ಒಂದೇ. ಗೋಡೆಯಲ್ಲಿ ಇಂಗಾಲವೋ ಕಬ್ಬಿಣವೋ ಉಳಿದಿದ್ದರೆ, ಇಲ್ಲವೇ ಸಿಲಿಕಾದ ಎರಡು ರೂಪಗಳಲ್ಲಿ ಒಂದು ಕಡೆ ಓಪಲ್ ಇನ್ನೊಂದು ಕಡೆ ಕ್ವಾರ್ಟ್ಜ್ ಇದ್ದರೆ ವ್ಯತ್ಯಾಸ ಕಾಣುತ್ತದೆ. ಇಲ್ಲದಿದ್ದರೆ ಎಕ್ಸ್‌ರೇ ಅಲೆ ಸ್ವಲ್ಪವೇ ಬಾಗುವುದನ್ನೂ ಹಿಡಿಯುವ, ಸಿಂಕ್ರೊಟ್ರಾನಿನ ಫೇಸ್ ಕಾಂಟ್ರಾಸ್ಟ್‌ನಂಥ ವಿಧಾನವೇ ಬೇಕು.

ಕಂದು ಕಲೆ ಬಗ್ಗೆ ನೀವು ಅಷ್ಟು ಚಿಂತೆ ಮಾಡಬೇಡಿ. ತಿರುವಕ್ಕರೈ ಮರಗಳಲ್ಲಿ ಕಬ್ಬಿಣದ ಕೆಂಪು-ಕಂದು ಬಣ್ಣ ಸಹಜ.

ಪುಟಾಣಿ ಟೀಚರ್:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಲಾಲ್‌ಬಾಗಿನಲ್ಲಿ ಇಟ್ಟಿರುವ ಕಲ್ಲಾದ ಮರವೂ ತಿರುವಕ್ಕರೈಯದ್ದೇ ಅಲ್ವಾ? 2 ಕೋಟಿ ವರ್ಷ ಹಳೆಯದು ಅಂತ ಮಕ್ಕಳಿಗೆ ಪ್ರತಿ ವರ್ಷ ತೋರಿಸುತ್ತೇನೆ. ಮೊಬೈಲ್‌ನಲ್ಲಿ ಫೋಟೋ ತೆಗೆದು ತ್ರೀಡಿ ಮಾದರಿ ಮಾಡಬಹುದು ಅಂತ ಕೇಳಿದ್ದೆ. ಎಂಟನೇ ಕ್ಲಾಸಿನ ಮಕ್ಕಳಿಂದ ಆಗುತ್ತದಾ?

ವೋಕ್ಸೆಲ್:

ಖಂಡಿತ ಆಗುತ್ತದೆ ಮೇಡಂ. ಹೌದು, ಅದು ತಿರುವಕ್ಕರೈಯದ್ದೇ. ಮೋಡ ಇರುವ ದಿನ ಹೋಗಿ, ಬಿಸಿಲಿದ್ದರೆ ನೆರಳು ಗೆರೆ ಗೆರೆಯಾಗಿ ಕೂರುತ್ತದೆ. ಮರವನ್ನು ಮುಟ್ಟದೆ ಸುತ್ತ ನಡೆಯುತ್ತಾ 80 ಫೋಟೋ ತೆಗೆಯಲಿ, ಒಂದರಲ್ಲಿ ಕಂಡದ್ದರ ಮುಕ್ಕಾಲು ಭಾಗ ಮುಂದಿನದರಲ್ಲೂ ಇರಬೇಕು. ಎರಡು ಎತ್ತರದಿಂದ ಎರಡು ಸುತ್ತು. ಪಕ್ಕದಲ್ಲಿ ಒಂದು ಮೀಟರ್ ಪಟ್ಟಿ ಇಡಿ, ಇಲ್ಲದಿದ್ದರೆ ಮಾದರಿಗೆ ಅಳತೆ ಇರುವುದಿಲ್ಲ. ಫೋಟೋ ಜೋಡಿಸಿ ಮಾದರಿ ಕಟ್ಟುವ ಮೆಶ್‌ರೂಮ್ ಸಾಫ್ಟ್‌ವೇರ್ ಉಚಿತ. ಮುಂದಿನ ವರ್ಷದ ಮಕ್ಕಳು ಮತ್ತೆ ತೆಗೆದರೆ ಕ್ಲೌಡ್‌ಕಂಪೇರ್ ಅನ್ನುವ ಸಾಫ್ಟ್‌ವೇರಿನಲ್ಲಿ ಎರಡನ್ನೂ ಒಂದರ ಮೇಲೊಂದು ಇಟ್ಟು ಎಲ್ಲಿ ಸವೆದಿದೆ ಅಂತ ನೋಡಬಹುದು. ಪೆರಂಬಲೂರು ಹತ್ತಿರ ಸಾತನೂರಿನಲ್ಲಿ 18 ಮೀಟರ್ ಉದ್ದದ ಕಾಂಡ ಬಯಲಿನಲ್ಲೇ ಮಲಗಿದೆ. ಯಾವ ಸ್ಕ್ಯಾನರ್‌ನೊಳಗೂ ಹೋಗದ ಅಂಥವುಗಳಿಗೆ ಇದೇ ದಾರಿ.

ಮಲೆನಾಡ ಮೇಷ್ಟ್ರು:

ಏಳು ವಾರ ಆಯಿತು, ಎಲ್ಲರಿಗೂ ಉತ್ತರ ಕೊಡಬೇಕು.

ಮೊದಲು ಟಾರ್ಚ್ ವಿಷಯ. ದೀಪ ಆರಿಸಿ ಕಾಂಡದ ಮೇಲೆ ಹಾಯಿಸಿದೆ. ಬಿರುಕಿನ ಜಾಗದಲ್ಲೇ, ಕಾಂಡದ ಸುತ್ತಲೂ ಬಳೆ ತೊಡಿಸಿದ ಹಾಗೆ ನೀಲಿ-ಬಿಳಿ ಗೆರೆ ಹೊಳೆಯಿತು. ಹಗಲಿನಲ್ಲಿ ಅಲ್ಲಿ ಏನೂ ಕಾಣುವುದಿಲ್ಲ, ಕಂದು ಬಣ್ಣ ಬಳಿದು ಮುಚ್ಚಿದ್ದಾರೆ. 22 ವರ್ಷದಿಂದ ಇದೇ ಕಾಂಡ ಹಿಡಿದು ಪಾಠ ಮಾಡಿದ್ದೇನೆ. ನನಗೆ ಕೈ ನಡುಗಿತು.

ಆಮೇಲೆ ಆಸ್ಪತ್ರೆ. ಮೇಲಿನವರು ಒಪ್ಪಿದರು, ಭಾನುವಾರ ರೋಗಿಗಳಿಲ್ಲದ ಹೊತ್ತು ಕರೆದರು. ದಪ್ಪ ಸ್ಪಂಜಿನಲ್ಲಿ ಸುತ್ತಿ, ಪ್ಲಾಸ್ಟಿಕ್ ಹಾಳೆ ಹಾಸಿ ಮಲಗಿಸಿದೆವು. ವೋಕ್ಸೆಲ್ ಅವರು ಹೇಳಿದ ಹಾಗೆ 140ರಲ್ಲಿ, ಎರಡೂ ಅಳತೆಯಲ್ಲಿ. ಪರದೆ ಮೇಲೆ ಮೊದಲ ಚಿತ್ರ ಬಂದಾಗ ಹುಡುಗಿ "ಸರ್, ಇದರಲ್ಲಿ ರಾಡ್ ಇದೆ" ಅಂದಳು. ಮುರಿದ ಕಾಲಿಗೆ ಹಾಕುತ್ತಾರಲ್ಲ, ಹಾಗೆಯೇ. ಕಾಂಡ ಒಂದೇ ಅಲ್ಲ, ಎರಡು ತುಂಡು ಜೋಡಿಸಿದ್ದು. ಹೆಬ್ಬೆರಳಿನಷ್ಟು ದಪ್ಪದ ಕಬ್ಬಿಣದ ಸರಳು, ಮೇಲಿನ ತುಂಡಿನಲ್ಲಿ ನಾಲ್ಕು ಇಂಚು, ಕೆಳಗಿನದರಲ್ಲಿ ಮೂರು ಇಂಚು. ಸುತ್ತ ಪ್ಲಾಸ್ಟರಿನಂಥದ್ದು ತುಂಬಿದ್ದಾರೆ. ಕಬ್ಬಿಣದ ಸುತ್ತ ನಕ್ಷತ್ರದ ಹಾಗೆ ಗೆರೆಗಳು ಬಂದು ಹತ್ತಿರದ್ದು ಸರಿಯಾಗಿ ಕಾಣುವುದಿಲ್ಲ, ಆದರೂ ಬಿರುಕು ಸರಳಿನಿಂದಲೇ ಹೊರಟು ಹೊರಗೆ ಬಂದಿರುವುದು ಕಾಣುತ್ತದೆ. ಹಳೇ ಆರ್‌ಸಿಸಿ ಕಂಬದಲ್ಲಿ ಕಂಬಿ ತುಕ್ಕು ಹಿಡಿದು ಊದಿ ಕಾಂಕ್ರೀಟ್ ಸಿಡಿಸುತ್ತದಲ್ಲ, ಅದೇ ಕತೆ. ಕಂದು ಕಲೆ ಆ ತುಕ್ಕಿನದು. ಕೊಯ್ಯಲು ಕೊಟ್ಟಿದ್ದರೆ ಗರಗಸ ನೇರ ಸರಳಿಗೆ ತಾಗುತ್ತಿತ್ತು.

ಲಿಗ್ನೈಟಿನ ಎಕ್ಸ್‌ರೇಯಲ್ಲಿ ಪೈರೈಟ್ ಒಂದೇ ಪಟ್ಟಿಯಾಗಿ ಒಂದು ಅಂಚಿಗೆ ಇದೆ, ಉಳಿದ ಭಾಗ ಶುದ್ಧವಾಗಿದೆ. ಪುಡಿಯನ್ನು ಒಣ ಬ್ರಶ್ಶಿನಲ್ಲಿ ತೆಗೆದು ಮರವನ್ನು ಚೀಲದಲ್ಲಿ ಸೀಲ್ ಮಾಡಿದ್ದೇನೆ. ಮುಂದಿನ ಮಳೆಗಾಲ ಕಳೆದ ಮೇಲೆ ಮತ್ತೆ ಎಕ್ಸ್‌ರೇ. ಈಗ ಸರಳನ್ನು ಏನು ಮಾಡಲಿ? ಎಳೆದು ತೆಗೆಯಬಹುದಾ?

ಕಪಾಟಿನ ಕಾವಲು:

ಎಳೆಯಬೇಡಿ ಸರ್, ದಯವಿಟ್ಟು. ಊದಿಕೊಂಡ ಸರಳು ಹೊರಬರುವಾಗ ಅಂಚನ್ನೆಲ್ಲ ಮುರಿಯುತ್ತದೆ. ಸದ್ಯ ಕಾಂಡವನ್ನು ನಿಲ್ಲಿಸಬೇಡಿ, ಮರಳು ಚೀಲದ ಮೇಲೆ ಮಲಗಿಸಿ, ಬೀರುವಿನೊಳಗೆ ತೇವ ಇಳಿಸಿ. ನೀರು ಸಿಗದಿದ್ದರೆ ತುಕ್ಕು ನಿಧಾನ ಆಗುತ್ತದೆ. ಕಲ್ಲಿನ ವಿಗ್ರಹಗಳಲ್ಲಿ ಇಂಥ ಕಬ್ಬಿಣದ ಗೂಟ ತೆಗೆದು ತುಕ್ಕು ಹಿಡಿಯದ ಸ್ಟೀಲ್ ಹಾಕುವ ಸಂರಕ್ಷಣಾ ತಜ್ಞರಿದ್ದಾರೆ, ಅಂಥವರ ಮುಂದೆ ನಿಮ್ಮ ಸಿಟಿ ಇಡಿ. ಎಷ್ಟು ಉದ್ದ, ಯಾವ ಕೋನ ಅಂತ ಮೊದಲೇ ಗೊತ್ತಿದ್ದರೆ ಅವರ ಕೆಲಸ ಅರ್ಧ ಮುಗಿದಂತೆ. ಬಿರುಕಿನ ಫೋಟೋ ತಿಂಗಳಿಗೊಮ್ಮೆ, ಅದೇ ಜಾಗದಿಂದ, ಒಂದೇ ಪಕ್ಕದಿಂದ ಬೆಳಕು ಬಿಟ್ಟು.

ಕಲ್ಲುಮರ:

ಮೇಷ್ಟ್ರೇ, ಕಲೆಯ ಬಗ್ಗೆ ನಾನು ಹೇಳಿದ್ದು ತಪ್ಪಾಯಿತು. ನೋಡದೆ ಹೇಳಬಾರದಿತ್ತು.

ನೀವು ಕಳಿಸಿದ ಸಿಟಿ ಫೈಲನ್ನು ಎರಡು ದಿನ ಕೂತು ನೋಡಿದೆ. ಒಂದು ವಿಷಯ ಹೇಳಲೇಬೇಕು. ಮೇಲಿನ ತುಂಡಿನಲ್ಲಿ ಮರದ ತಿರುಳು ಹೆಚ್ಚುಕಡಿಮೆ ನಡುವಿನಲ್ಲಿದೆ. ಕೆಳಗಿನದರಲ್ಲಿ ಅಂಚಿನಿಂದ ಬರೀ ಮೂರು ಸೆಂಟಿಮೀಟರ್ ದೂರದಲ್ಲಿದೆ. ಮೇಲೆ ಇರುವ ಗಂಟಿನ ಬುಡ ಕೆಳಗೆ ಮುಂದುವರಿಯುವುದಿಲ್ಲ. ನಡುವಿನ ಒಂದು ಚೂರು ಕಳೆದುಹೋಗಿರಬಹುದು, ಇಲ್ಲವೇ ಇವು ಎರಡು ಬೇರೆ ಮರಗಳೇ ಇರಬಹುದು, ಯಾರೋ ದಪ್ಪ ಸರಿಹೋಗುತ್ತದೆ ಅಂತ ಜೋಡಿಸಿದ್ದಾರೆ. ಒಂದು ಕಡೆಯಿಂದ ಸೀಳು ತೆಗೆದು ಇಡೀ ಕಾಂಡಕ್ಕೆ ಒಂದು ಹೆಸರು ಕೊಟ್ಟುಬಿಟ್ಟಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ.

ಬೀರುವಿನ ತಳದಲ್ಲಿ ಚೂರು ಸಿಕ್ಕಿದೆ ಅಂತ ಫೈಲಿನ ಜೊತೆ ಬರೆದಿದ್ದೀರಲ್ಲ, ಯಾವ ತುಂಡಿನಿಂದ ಬಿದ್ದದ್ದು ಅಂತ ಮುರಿದ ಅಂಚು ನೋಡಿ ಹೊಂದಿಸಿ. ಈಗಿನಿಂದಲೇ ರಿಜಿಸ್ಟರ್‌ನಲ್ಲಿ ಮೇಲಿನದಕ್ಕೆ ಎ, ಕೆಳಗಿನದಕ್ಕೆ ಬಿ ಅಂತ ಬರೆಯಿರಿ, ಹಳೇ ನಂಬರ್ ಹಾಗೇ ಇರಲಿ. ಎರಡು ಕಡೆಯ ಚೂರನ್ನೂ ಬೇರೆ ಬೇರೆ ಕವರಿನಲ್ಲಿ ಹಾಕಿ ಕಳಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿ ಹಾಗೇ ವಾಪಸ್ ಕಳಿಸುತ್ತೇನೆ.